ಒಂದು ಪೆನ್ನಿ ಊಟದಿಂದ ಹುಟ್ಟಿದ ಕ್ಲಬ್ಬು

ಮೊದಲು ಉಚ್ಚಾರ ಸರಿ ಮಾಡಿಕೊಂಡುಬಿಡೋಣ. ಇತಿಹಾಸದ ಪಾಠದಲ್ಲಿ ಬರೋದು ‘ಕೆಲ್ಟಿಕ್’ ಜನಾಂಗ. ಗ್ಲಾಸ್ಗೋ ನಗರದ ಫುಟ್‌ಬಾಲ್ ಕ್ಲಬ್ಬು ಮಾತ್ರ ‘ಸೆಲ್ಟಿಕ್’. ಈ ಊರಲ್ಲಿ ಯಾರ ಎದುರಿಗಾದರೂ ‘ಕೆ’ ಹಚ್ಚಿ ಹೇಳಿದರೆ ಅವರ ಮುಖ ನೋಡಬೇಕು, ನಮ್ಮ ಬೆಳಗಾವಿ ಕುಂದಾವನ್ನು ಯಾರೋ ಹಾಲ್ಕೋವಾ ಅಂದಹಾಗೆ ಆಗಿರುತ್ತೆ.

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಎಂಟು ತಿಂಗಳಿಂದ ಇಲ್ಲಿದೀನಿ. ನಮ್ಮ ತಂಡದಲ್ಲಿ ಅರ್ಧ ಜನ ಹಸಿರು, ಅಂದ್ರೆ ಸೆಲ್ಟಿಕ್. ಇನ್ನರ್ಧ ನೀಲಿ, ಅಂದ್ರೆ ರೇಂಜರ್ಸ್. ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ಯಾರ ಮುಖ ಬಾಡಿದೆ ನೋಡಿದರೆ ವಾರಾಂತ್ಯದ ಫಲಿತಾಂಶ ಗೊತ್ತಾಗುತ್ತೆ, ಪೇಪರ್ ಓದೋದೇ ಬೇಡ. ನನಗೆ ಫುಟ್‌ಬಾಲ್ ಹುಚ್ಚು ಏನೂ ಇಲ್ಲ. ಆದರೆ ಒಂದು ದಿನ ಮಧ್ಯಾಹ್ನ, ನಾನು ಡಬ್ಬಿಯ ಚಿತ್ರಾನ್ನ ಬಿಸಿ ಮಾಡಿಕೊಳ್ತಿದ್ದಾಗ, ನಮ್ಮ ಟೆಸ್ಟಿಂಗ್ ವಿಭಾಗದ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಹೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿತು. ‘ನಮ್ಮ ಕ್ಲಬ್ಬು ಕಪ್ ಗೆಲ್ಲೋಕೆ ಅಂತ ಶುರುವಾಗಿದ್ದಲ್ಲ, ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕೋಕೆ ಅಂತ ಶುರುವಾಗಿದ್ದು’ ಅಂದರು ಅವರು.

ಮಧ್ಯಾಹ್ನದ ಊಟ ಅಂದ್ರೆ ನನ್ನ ಕಿವಿ ನೆಟ್ಟಗಾಗುತ್ತೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮುಂದಿನ ಶನಿವಾರವೇ ಹೊರಟೆ.

ಸೆಲ್ಟಿಕ್ ಪಾರ್ಕ್ ಇರೋದು ನಗರದ ಪೂರ್ವಕ್ಕೆ, ಪಾರ್ಕ್‌ಹೆಡ್ ಅನ್ನೋ ಕಡೆ. ರೈಲಿನಲ್ಲಿ ಡಾಲ್‌ಮಾರ್ನಕ್‌ಗೆ ಹೋಗಿ ಇಳಿದರೆ ಹತ್ತಿರ. ಆದರೆ ಗ್ಲಾಸ್ಗೋ ಕ್ರಾಸ್‌ನಿಂದ ನಡೆದುಕೊಂಡೇ ಹೋಗಿ, ಅಬ್ಬಬ್ಬಾ ಅಂದ್ರೆ ಮೂರು ಕಿಲೋಮೀಟರ್. ಗ್ಯಾಲೋಗೇಟ್ ರಸ್ತೆ ಹಿಡಿದರೆ ಎಡ-ಬಲದಲ್ಲಿ ಹಸಿರು-ಬಿಳಿ ಬಾವುಟದ ಪಬ್ಬುಗಳು, ಬ್ಯಾರೋಲ್ಯಾಂಡ್ ಸಭಾಂಗಣದ ದೊಡ್ಡ ನಿಯಾನ್ ಬೋರ್ಡು, ವಾರಾಂತ್ಯಕ್ಕೆ ಮಾತ್ರ ತೆರೆಯುವ ಬ್ಯಾರಸ್ ಸಂತೆ. ಸಂತೆ ಅಂದ್ರೆ ನಮ್ಮ ಸಂತೆಯೇ. ಹಳೇ ರೇಡಿಯೋ, ಚಾರ್ಜರ್ ವೈರು, ಯಾರದೋ ಅಜ್ಜಿಯ ಪಿಂಗಾಣಿ ತಟ್ಟೆ, ಎಲ್ಲ ಒಂದೇ ಮೇಜಿನ ಮೇಲೆ. ಜಿಟಿಜಿಟಿ ಮಳೆ ಅಂತೂ ಇದ್ದೇ ಇತ್ತು. ಇಲ್ಲಿ ಅದನ್ನು ಯಾರೂ ಮಳೆ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ.

ಈ ಸುತ್ತಲಿನ ಪ್ರದೇಶದ ಹೆಸರು ಕಾಲ್ಟನ್. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ವರದಿ ಈ ಪುಟ್ಟ ಬಡಾವಣೆಯನ್ನು ಪ್ರಪಂಚಕ್ಕೇ ಪರಿಚಯಿಸಿತು, ಒಳ್ಳೆಯ ಕಾರಣಕ್ಕಲ್ಲ. ಕಾಲ್ಟನ್‌ನ ಗಂಡಸರ ಸರಾಸರಿ ಆಯುಷ್ಯ 54 ವರ್ಷ. ಅಲ್ಲಿಂದ ಕೆಲವೇ ಮೈಲಿ ದೂರದ ಲೆಂಜಿಯಲ್ಲಿ 82. ಒಂದೇ ಊರಿನ ಸುತ್ತಮುತ್ತ, 28 ವರ್ಷದ ವ್ಯತ್ಯಾಸ. ಕಾಲ್ಟನ್‌ನಲ್ಲಿ ಮನೆಯಿಲ್ಲದವರ ಹಾಸ್ಟೆಲ್‌ಗಳು ಹೆಚ್ಚಿದ್ದರಿಂದ ಆ ಅಂಕಿ ಇನ್ನಷ್ಟು ಕೆಳಗಿಳಿಯಿತು ಅನ್ನೋ ವಾದವೂ ಇದೆ. ದಿನಾ ಡೇಟಾ ನೋಡೋ ನನಗೆ ಆ ವಾದ ಅರ್ಥವಾಗುತ್ತೆ. ಆದರೆ ಅಷ್ಟೊಂದು ಮನೆಯಿಲ್ಲದವರು ಒಂದೇ ಬಡಾವಣೆಗೆ ಬಂದು ಸೇರಿದ್ದೂ ಒಂದು ಡೇಟಾನೇ ಅಲ್ವಾ?

ಗ್ಯಾಲೋಗೇಟ್‌ನಿಂದ ಸ್ವಲ್ಪ ಒಳಗೆ, ಅಬರ್‌ಕ್ರೋಂಬಿ ರಸ್ತೆಯಲ್ಲಿ ಸೇಂಟ್ ಮೇರಿ ಚರ್ಚ್ ಇದೆ. ಈ ಚರ್ಚಿಗೆ ಸೇರಿದ ಸಭಾಂಗಣದಲ್ಲಿ 1887ರ ನವೆಂಬರ್ 6ರಂದು ಒಂದಷ್ಟು ಜನ ಸೇರಿ ಸೆಲ್ಟಿಕ್ ಕ್ಲಬ್ಬು ಕಟ್ಟಿದರು. ಮುಂದೆ ನಿಂತವರು ಬ್ರದರ್ ವಾಲ್‌ಫ್ರಿಡ್. ಹುಟ್ಟುಹೆಸರು ಆಂಡ್ರ್ಯೂ ಕೆರಿನ್ಸ್. ಐರ್ಲೆಂಡಿನ ಸ್ಲೈಗೋ ಜಿಲ್ಲೆಯ ಬ್ಯಾಲಿಮೋಟ್ ಎಂಬ ಊರಲ್ಲಿ 1840ರಲ್ಲಿ ಹುಟ್ಟಿದವರು. ಅಂದ್ರೆ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ಜನ ಸತ್ತ ಆ ಮಹಾಕ್ಷಾಮ ಬಂದಾಗ ಅವರಿಗೆ ಐದಾರು ವರ್ಷ. ಹಸಿವು ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹದಿಹರೆಯದಲ್ಲಿ ಗ್ಲಾಸ್ಗೋಗೆ ಬಂದು ರೈಲ್ವೆಯಲ್ಲಿ ಕೂಲಿ ಮಾಡಿ, ಆಮೇಲೆ ಮಾರಿಸ್ಟ್ ಸಂಘ ಸೇರಿ ಮೇಷ್ಟ್ರಾದರು. ಇಲ್ಲೇ ಬ್ರಿಡ್ಜ್‌ಟನ್‌ನ ಸೇಕ್ರೆಡ್ ಹಾರ್ಟ್ ಶಾಲೆಗೆ ಮುಖ್ಯೋಪಾಧ್ಯಾಯರೂ ಆದರು.

ಶಾಲೆಗೆ ಬರಬೇಕಾದ ಮಕ್ಕಳು ಬರ್ತಿರಲಿಲ್ಲ. ಬಂದವರು ಹೊಟ್ಟೆ ಖಾಲಿ ಇಟ್ಟುಕೊಂಡು ಬರ್ತಿದ್ದರು. ವಾಲ್‌ಫ್ರಿಡ್ ಮತ್ತು ಅವರ ಜೊತೆಗಾರ ಬ್ರದರ್ ಡೊರೋಥಿಯಸ್ ಸೇರಿ ಬಡಮಕ್ಕಳ ‘ಡಿನ್ನರ್ ಟೇಬಲ್’ ಶುರುಮಾಡಿದರು. ಅದರ ನಿಯಮ ಓದಿದಾಗ ನನಗೆ ಈ ಮನುಷ್ಯನ ಮೇಲೆ ಗೌರವ ಬಂದಿದ್ದು. ಒಂದು ಪೆನ್ನಿ ಕೊಟ್ಟರೆ ಬಿಸಿ ಊಟ. ಮನೆಯಿಂದ ಬ್ರೆಡ್ ತಂದರೆ ಅರ್ಧ ಪೆನ್ನಿಗೆ ದೊಡ್ಡ ಬಟ್ಟಲು ಸೂಪು. ಏನೂ ಕೊಡಲಾಗದವರಿಗೆ ಪುಕ್ಕಟೆ ಊಟ. ಆಗಿನ ಒಂದು ಪೌಂಡಿಗೆ 240 ಪೆನ್ನಿ, ಅಂದ್ರೆ ಆ ಒಂದು ಪೆನ್ನಿಯಿಂದ ಖರ್ಚು ಗಿಟ್ಟುತ್ತಿರಲಿಲ್ಲ. ಆದರೂ ಯಾಕೆ ಇಟ್ಟರು? ಕೊಡಬಲ್ಲವರು ತಲೆ ಎತ್ತಿಕೊಂಡು ಕೊಟ್ಟು ಉಣ್ಣಲಿ ಅಂತ.

ಈಗ ನನ್ನ ವಿಷಯ. ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನವಳು, ಸರ್ಕಾರಿ ಶಾಲೆಯಲ್ಲಿ ಓದಿದವಳು. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗ ಮೊದಲು ಬಂದಿದ್ದೇ ನಮ್ಮ ಭಾಗದ ಜಿಲ್ಲೆಗಳಿಗೆ. ನಾನಾಗ ಎರಡನೇ ಕ್ಲಾಸು. ಅಲ್ಲಿಯವರೆಗೆ ಮಧ್ಯಾಹ್ನದ ಗಂಟೆ ಹೊಡೆದರೆ ಕೆಲವರು ಮನೆಗೆ ಓಡ್ತಿದ್ದರು, ಕೆಲವರು ಬೇವಿನ ಮರದ ಕೆಳಗೆ ಸುಮ್ಮನೆ ಕೂತಿರ್ತಿದ್ದರು. ಯಾಕೆ ಕೂತಿದಾರೆ ಅಂತ ಕೇಳೋ ವಯಸ್ಸಲ್ಲ ಅದು. ಬಿಸಿಯೂಟ ಬಂದಮೇಲೆ ನನ್ನ ಬೆಂಚಿನಲ್ಲಿ ಇಬ್ಬರು ಕೂರುತ್ತಿದ್ದ ಜಾಗಕ್ಕೆ ನಾಲ್ವರಾದರು. ನಾನಂತೂ ಮನೆಯಲ್ಲಿ ರೊಟ್ಟಿ ಇದ್ದರೂ ಬಿಟ್ಟು ಅಲ್ಲೇ ಅನ್ನ-ಸಾರು ಉಣ್ತಿದ್ದೆ. ಅಮ್ಮ ಇವತ್ತಿಗೂ ಫೋನು ಮಾಡಿದರೆ ಮೊದಲ ಪ್ರಶ್ನೆ ‘ಉಂಡೇನವಾ?’. ಆ ದಿನ ಸೇಂಟ್ ಮೇರಿ ಚರ್ಚಿನ ಎದುರು ನಿಂತಿದ್ದಾಗಲೂ ಅದೇ ಪ್ರಶ್ನೆ ಬಂತು. ‘ಇಲ್ಲಬೇ, ಊಟ ಹಾಕಿದ ಜಾಗಾ ನೋಡಾಕ ಬಂದೀನಿ’ ಅಂದೆ. ಅಕೀಗೆ ಏನು ಅರ್ಥವಾಯಿತೋ, ‘ಯಾವ ಮಠ ಅದು?’ ಅಂತ ಕೇಳಿದಳು. ಪ್ರಶ್ನೆ ತಪ್ಪೇನಲ್ಲ.

ಎಲ್ಲವೂ ಶುದ್ಧ ಕರುಣೆ ಅಂತ ಬರೆದರೆ ಸುಳ್ಳಾಗುತ್ತೆ. ಐರಿಷ್ ಕ್ಯಾಥೊಲಿಕ್ ಮಕ್ಕಳು ಪ್ರಾಟೆಸ್ಟೆಂಟರ ಗಂಜಿಕೇಂದ್ರಕ್ಕೆ ಹೋದರೆ ಸೂಪಿನ ಜೊತೆ ಧರ್ಮವೂ ಬದಲಾಗಿಬಿಡುತ್ತೆ ಅನ್ನೋ ಭಯವೂ ವಾಲ್‌ಫ್ರಿಡ್‌ಗೆ ಇತ್ತು ಅಂತ ಇತಿಹಾಸಕಾರರು ಬರೀತಾರೆ. ಇರಲಿ. ಹಸಿದ ಹುಡುಗನಿಗೆ ಬಟ್ಟಲಿನ ಹಿಂದಿನ ಲೆಕ್ಕಾಚಾರ ಗೊತ್ತಿರಲಿಲ್ಲ.

ಊಟಕ್ಕೆ ದುಡ್ಡು ಬೇಕಲ್ಲ. 1887ರಲ್ಲಿ ಎಡಿನ್‌ಬರೋದ ಐರಿಷ್ ವಲಸಿಗರ ಕ್ಲಬ್ಬು ಹಿಬರ್ನಿಯನ್, ಸ್ಕಾಟಿಷ್ ಕಪ್ ಗೆದ್ದಿತು. ಫುಟ್‌ಬಾಲ್ ನೋಡೋಕೆ ಬಡವರೂ ಗೇಟಿನಲ್ಲಿ ಕಾಸು ಕೊಟ್ಟು ಬರ್ತಾರೆ ಅನ್ನೋದು ವಾಲ್‌ಫ್ರಿಡ್‌ಗೆ ಹೊಳೆಯಿತು. 1888ರ ಜನವರಿಯಲ್ಲಿ ಹೊರಡಿಸಿದ ಕರಪತ್ರದಲ್ಲೇ ಸ್ಪಷ್ಟವಾಗಿ ಹೇಳಿದ್ದರು, ಕ್ಲಬ್ಬಿನ ಮುಖ್ಯ ಉದ್ದೇಶ ಸೇಂಟ್ ಮೇರಿ, ಸೇಕ್ರೆಡ್ ಹಾರ್ಟ್, ಸೇಂಟ್ ಮೈಕಲ್ ಈ ಮೂರು ಕಡೆಯ ಡಿನ್ನರ್ ಟೇಬಲ್‌ಗಳಿಗೆ ಹಣ ಒದಗಿಸೋದು ಅಂತ. ಜನ ಬಿಟ್ಟಿ ದುಡಿದು ಆರು ತಿಂಗಳಲ್ಲಿ ಮೈದಾನ ಮಾಡಿಕೊಟ್ಟರು. 1888ರ ಮೇ 28ರಂದು ಮೊದಲ ಪಂದ್ಯ, ಎದುರಾಳಿ ಯಾರು ಗೊತ್ತಾ? ರೇಂಜರ್ಸ್! ಸೆಲ್ಟಿಕ್ 5-2ರಿಂದ ಗೆದ್ದಿತು. ಆಟ ಮುಗಿದಮೇಲೆ ಎರಡೂ ತಂಡದವರು ಸೇಂಟ್ ಮೇರಿ ಸಭಾಂಗಣದಲ್ಲಿ ಒಟ್ಟಿಗೆ ಕೂತು ಉಂಡರು. ಇವತ್ತು ಈ ಎರಡು ತಂಡಗಳ ಪಂದ್ಯದ ದಿನ ಬೀದಿಗೆ ಬೀದಿಯೇ ಪೊಲೀಸರಿಂದ ತುಂಬೋದನ್ನು ನೋಡಿದವರಿಗೆ ಇದನ್ನು ನಂಬೋದು ಕಷ್ಟ.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರ್ತಿತ್ತು. ನಿಲ್ಲಲಿಲ್ಲ. ತಂಡ ಗೆಲ್ಲುತ್ತಾ ಹೋಯಿತು, ಜನ ಸಾಗರದಂತೆ ಬಂದರು, ದುಡ್ಡೂ ಬಂತು. ನೆಲದ ಮಾಲೀಕ ವರ್ಷದ ಬಾಡಿಗೆಯನ್ನು 50 ಪೌಂಡಿನಿಂದ 450ಕ್ಕೆ ಏರಿಸಿದ. (ಬೆಂಗಳೂರಿನಲ್ಲಿ ಬಾಡಿಗೆಗಿದ್ದವರು ಇಲ್ಲಿ ಒಂದು ಕ್ಷಣ ನಿಂತು ನಿಟ್ಟುಸಿರು ಬಿಡಬಹುದು.) 1892ರಲ್ಲಿ ಹತ್ತಿರದ ಇಟ್ಟಿಗೆ ಭಟ್ಟಿಯ ಜಾಗಕ್ಕೆ ಹೋದರು, ಈಗಿನ ಸೆಲ್ಟಿಕ್ ಪಾರ್ಕ್ ಅದೇ. ಹಳೇ ಮೈದಾನ ಸ್ಮಶಾನದ ಪಕ್ಕದಲ್ಲಿತ್ತು, ಹಾಗಾಗಿ ಸ್ಮಶಾನ ಬಿಟ್ಟು ಸ್ವರ್ಗಕ್ಕೆ ಬಂದರು ಅಂತ ಯಾರೋ ತಮಾಷೆ ಮಾಡಿದರಂತೆ. ‘ಪ್ಯಾರಡೈಸ್’ ಅನ್ನೋ ಅಡ್ಡಹೆಸರು ಇಂದಿಗೂ ಉಳಿದಿದೆ. ಐರಿಷ್ ರೈತ ಹೋರಾಟಗಾರ ಮೈಕಲ್ ಡೇವಿಟ್ ಡೊನೆಗಾಲ್‌ನಿಂದ ತಂದ ಹುಲ್ಲುಹಾಸಿನ ಮೊದಲ ತುಂಡನ್ನು ನೆಟ್ಟರು. ರಾತ್ರೋರಾತ್ರಿ ಯಾರೋ ಅದನ್ನೇ ಕಿತ್ತುಕೊಂಡು ಹೋದರು!

ಅದೇ 1892ರಲ್ಲಿ ವಾಲ್‌ಫ್ರಿಡ್‌ರನ್ನು ಅವರ ಸಂಘ ಲಂಡನ್ನಿಗೆ ವರ್ಗ ಮಾಡಿತು. ಅವರು ಹೋದಮೇಲೆ ಊಟದ ಮೇಜಿಗೆ ಹೋಗುತ್ತಿದ್ದ ಹಣ ಕರಗುತ್ತಾ ಬಂತು. ಸ್ಟ್ಯಾಂಡು ಕಟ್ಟಬೇಕು, ಆಟಗಾರರಿಗೆ ಕೊಡಬೇಕು, ಸಾಲ ತೀರಿಸಬೇಕು. ಸದಸ್ಯರೊಳಗೆ ಜಗಳವೋ ಜಗಳ. ಕೊನೆಗೆ 1897ರಲ್ಲಿ ಕ್ಲಬ್ಬು ಲಿಮಿಟೆಡ್ ಕಂಪನಿಯಾಯಿತು, ಷೇರುದಾರರಿಗೆ ಡಿವಿಡೆಂಡ್ ಬರತೊಡಗಿತು. ಹತ್ತು ವರ್ಷ. ಮಕ್ಕಳ ಊಟದಿಂದ ಡಿವಿಡೆಂಡಿಗೆ ಬರೋಕೆ ಬೇಕಾಗಿದ್ದು ಹತ್ತೇ ವರ್ಷ. ಆಮೇಲೂ ಚಾರಿಟಿ ಪಂದ್ಯ ಆಡಿದರು, ಅಲ್ಲಿ ಇಲ್ಲಿ ದಾನ ಕೊಟ್ಟರು, ಇಲ್ಲ ಅನ್ನಲ್ಲ. ಆದರೆ ದಾನ ಅನ್ನೋದು ಮನೆಯ ಅಡಿಪಾಯದಿಂದ ಎದ್ದು ಜಗುಲಿ ಮೇಲೆ ಬಂದು ಕೂತಿತು.

ಆಮೇಲಿನ ವೈಭವ ಎಲ್ಲರಿಗೂ ಗೊತ್ತಿರೋದೇ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ಕ್ಲಬ್ಬು. ಆ ಹನ್ನೊಂದೂ ಜನ ಇದೇ ಮೈದಾನದ 30 ಮೈಲಿ ಒಳಗೆ ಹುಟ್ಟಿದವರು. ಬೆಂಗಳೂರು-ರಾಮನಗರದ ನಡುವೆ ಹುಟ್ಟಿದ ಹುಡುಗರೇ ಏಷ್ಯಾ ಗೆದ್ದಹಾಗೆ ಅಂದುಕೊಳ್ಳಿ. ಅಲ್ಲಿಂದ ಇಳಿದೂ ಇಳಿದು 1994ರ ಮಾರ್ಚಿನಲ್ಲಿ ಬ್ಯಾಂಕಿನವರು ಬೀಗ ಹಾಕೋ ಸ್ಥಿತಿಗೆ ಬಂತು. ಕೊನೇ ಗಳಿಗೆಯಲ್ಲಿ ಫರ್ಗಸ್ ಮೆಕ್ಯಾನ್ ಎಂಬ ಸ್ಕಾಟಿಷ್-ಕೆನಡಿಯನ್ ಉದ್ಯಮಿ ಬಂದು ಉಳಿಸಿದ. ಷೇರು ಬಿಟ್ಟಾಗ ಹತ್ತು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಕೊಂಡರು. ನನಗೆ ಮುಖ್ಯ ಅನ್ನಿಸಿದ್ದು ಮುಂದಿನ ವರ್ಷದ ಸಂಗತಿ. 1995ರಲ್ಲಿ, ಇನ್ನೂ ಸ್ಟೇಡಿಯಂ ಅರ್ಧ ಕಟ್ಟಿರುವಾಗಲೇ, ಆತ ಸೆಲ್ಟಿಕ್ ಚಾರಿಟಿ ಫಂಡ್ ಶುರುಮಾಡಿದ. ಅದೇ ಈಗಿನ ಸೆಲ್ಟಿಕ್ ಎಫ್‌ಸಿ ಫೌಂಡೇಶನ್. ಸುಮಾರು ನೂರು ವರ್ಷದ ನಂತರ ಹಳೇ ಉದ್ದೇಶಕ್ಕೆ ಮತ್ತೆ ಒಂದು ಕಚೇರಿ, ಒಂದು ಲೆಕ್ಕಪುಸ್ತಕ ಸಿಕ್ಕಿತು.

ಸ್ಟೇಡಿಯಂ ಎದುರು ಬಂದರೆ ಅರವತ್ತು ಸಾವಿರ ಜನ ಹಿಡಿಸೋ ಆ ಕಟ್ಟಡ ಸುತ್ತಲಿನ ಪುಟ್ಟ ಮನೆಗಳ ನಡುವೆ ಹಡಗಿನ ಹಾಗೆ ನಿಂತಿದೆ. ಎದುರಿಗೆ ಎಮಿರೇಟ್ಸ್ ಅರೆನಾ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆ ಬೆಳ್ಳಿ ಗೆದ್ದಿದ್ದು ಅಲ್ಲೇ. ಆ ಕೂಟದ ಉದ್ಘಾಟನೆ ನಡೆದಿದ್ದು ಸೆಲ್ಟಿಕ್ ಪಾರ್ಕಿನಲ್ಲಿ. ಅಂಗಳದಲ್ಲಿ ಹಲವು ಪ್ರತಿಮೆಗಳು. ಜಾಕ್ ಸ್ಟೀನ್, ಬಿಲ್ಲಿ ಮೆಕ್‌ನೀಲ್ ಕೈಯಲ್ಲಿ ಕಪ್ ಇದೆ. 2005ರಲ್ಲಿ ಇಟ್ಟ ವಾಲ್‌ಫ್ರಿಡ್ ಪ್ರತಿಮೆ ಮಾತ್ರ ಕುರ್ಚಿ ಮೇಲೆ ಕೂತಿದೆ, ಶಾಲೆ ಬಿಟ್ಟಮೇಲೆ ಸುಸ್ತಾದ ಮೇಷ್ಟ್ರ ಹಾಗೆ.

ಫೌಂಡೇಶನ್ ಏನು ಮಾಡುತ್ತೆ? ಡೌನ್ಸ್ ಸಿಂಡ್ರೋಮ್, ಆಟಿಸಂ ಇರುವ ಮಕ್ಕಳಿಗೆ ಫುಟ್‌ಬಾಲ್ ತರಗತಿ. ಕೆಲಸವಿಲ್ಲದವರಿಗೆ ತರಬೇತಿ. ಕ್ರಿಸ್ಮಸ್ ಮುಂಚೆ ಒಂದು ದೊಡ್ಡ ನಿಧಿ ಸಂಗ್ರಹ, ಕಷ್ಟದಲ್ಲಿರೋ ಕುಟುಂಬಗಳಿಗೆ, ಒಂಟಿ ಮುದುಕರಿಗೆ, ಮನೆಯಿಲ್ಲದವರಿಗೆ ಅಂತ. ಜನ ಸ್ಟೇಡಿಯಂನಲ್ಲೇ ರಾತ್ರಿ ಚಳಿಯಲ್ಲಿ ಮಲಗಿ ಹಣ ಎತ್ತಿದ್ದೂ ಉಂಟು. 2020ರ ಕೋವಿಡ್ ಹೊತ್ತಿನಲ್ಲಿ ಇದಕ್ಕೇ ಅಂತ ಪ್ರತ್ಯೇಕ ನಿಧಿ ಮಾಡಿ ಮನೆ ಮನೆಗೆ ಊಟ ತಲುಪಿಸಿದರು. ನ್ಯಾಯವಾಗಿ ಹೇಳಬೇಕಂದ್ರೆ ರೇಂಜರ್ಸ್‌ಗೂ ಅವರದೇ ಚಾರಿಟಿ ಫೌಂಡೇಶನ್ ಇದೆ. ಇದನ್ನು ಬರೆಯದಿದ್ದರೆ ಸೋಮವಾರ ಆಫೀಸಿಗೆ ಹೋಗೋದು ಕಷ್ಟ.

ನಮ್ಮ ನೀಲಿ ಬಣದ ಸಹೋದ್ಯೋಗಿ ಒಬ್ಬ ಕೇಳಿದ ಪ್ರಶ್ನೆ ಮಾತ್ರ ತಳ್ಳಿಹಾಕೋ ಹಾಗಿಲ್ಲ. ‘ಕ್ಲಬ್ಬು ಷೇರುಪೇಟೆಯಲ್ಲಿರೋ ಕಂಪನಿ, ಒಬ್ಬ ಆಟಗಾರನನ್ನು ಮಾರಿದರೆ ಕೋಟಿಗಟ್ಟಲೆ ಬರುತ್ತೆ. ಆದರೂ ಗೇಟಿನಲ್ಲಿ ಬಡವರ ಮುಂದೆ ಡಬ್ಬಿ ಅಲ್ಲಾಡಿಸ್ತಾರಲ್ಲ?’ ನನಗೆ ನಮ್ಮ ದೇಶದ ಸಿಎಸ್‌ಆರ್ ನೆನಪಾಯಿತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ. 2 ಸಮಾಜಕ್ಕೆ ಖರ್ಚು ಮಾಡಿ ಅನ್ನುತ್ತೆ. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಟಿ-ಶರ್ಟ್ ಕೊಟ್ಟು ಗಿಡ ನೆಡಿಸ್ತಿದ್ದರು. ಗಿಡಕ್ಕಿಂತ ಫೋಟೋ ಜಾಸ್ತಿ. ಇಲ್ಲಿ ಹಾಗಲ್ಲ ಅಂತ ನಾನೇನೂ ಪ್ರಮಾಣಪತ್ರ ಕೊಡಲಾರೆ. ಆದರೆ ಒಂದು ವ್ಯತ್ಯಾಸ ಕಂಡೆ. ಇಲ್ಲಿ ಅಭಿಮಾನಿಗಳು ಕ್ಲಬ್ಬನ್ನು ವಾಲ್‌ಫ್ರಿಡ್ ಹೆಸರು ಹಿಡಿದು ಬೈತಾರೆ. ಟಿಕೆಟ್ ದರ ಏರಿದರೆ, ನೌಕರರ ಸಂಬಳ ಕಡಿಮೆಯಾದರೆ, ‘ನಾವು ಶುರುಮಾಡಿದ್ದು ಯಾಕೆ?’ ಅಂತ ಬ್ಯಾನರ್ ಹಿಡೀತಾರೆ. ಹುಟ್ಟಿದ ಕಾರಣ ಬರಹದಲ್ಲಿ ಉಳಿದಿದ್ದರಿಂದ ಆಗಿರೋ ಉಪಕಾರ ಇದು.

ಭಾರತದವಳಾದ ನನಗೆ ಇಲ್ಲಿ ಇನ್ನೊಂದು ಹೆಸರು ಹುಡುಕೋದಿತ್ತು, ಮೊಹಮ್ಮದ್ ಸಲೀಂ. ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಆಟಗಾರ. 1936ರಲ್ಲಿ ಗ್ಲಾಸ್ಗೋದಲ್ಲಿ ಅಂಗಡಿ ಇಟ್ಟಿದ್ದ ಸಂಬಂಧಿಕರ ಜೊತೆ ಬಂದು ಸೆಲ್ಟಿಕ್ ಮೀಸಲು ತಂಡಕ್ಕೆ ಎರಡು ಪಂದ್ಯ ಆಡಿದ, ಅದೂ ಬರಿಗಾಲಲ್ಲಿ! ಕಾಲಿಗೆ ಬ್ಯಾಂಡೇಜು ಮಾತ್ರ. ತರಬೇತುದಾರ ಜಿಮ್ಮಿ ಮೆಕ್‌ಮೆನೆಮಿ ಬಗ್ಗಿ ಕೂತು ಆತನ ಪಾದಕ್ಕೆ ಬ್ಯಾಂಡೇಜು ಸುತ್ತುತ್ತಿರೋ ಫೋಟೋ ಪ್ರಸಿದ್ಧ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಒಬ್ಬ ಬಿಳಿಯ ಭಾರತೀಯನ ಕಾಲು ಹಿಡಿದ ಚಿತ್ರ. ಮನೆ ನೆನಪಾಗಿ ಆತ ವಾಪಸ್ ಹೊರಟ. ಉಳಿಸಿಕೊಳ್ಳೋಕೆ ಕ್ಲಬ್ಬು ಅವನ ಗೌರವಾರ್ಥ ಚಾರಿಟಿ ಪಂದ್ಯ ಆಡಿಸಿ ಗಳಿಕೆಯ ಶೇ. 5 ಕೊಡ್ತೀವಿ ಅಂತಂತೆ. ಸಲೀಂ ತನ್ನ ಪಾಲನ್ನು ಪಂದ್ಯ ನೋಡಲು ಬರುವ ಅನಾಥ ಮಕ್ಕಳಿಗೇ ಕೊಡಿ ಅಂದ. ಆ ಪಾಲು 1,800 ಪೌಂಡ್ ಆಗಿತ್ತು ಅಂತ ಎಲ್ಲ ಕಡೆ ಬರೆದಿದಾರೆ. ಇಲ್ಲಿ ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲಿಲ್ಲ. ಶೇ. 5 ಅಂದ್ರೆ 1,800 ಆದರೆ ಒಟ್ಟು 36,000 ಪೌಂಡ್. ಆಗಿನ ಟಿಕೆಟ್ ಒಂದು ಶಿಲ್ಲಿಂಗ್ ಅಂತ ಹಿಡಿದರೆ ಏಳು ಲಕ್ಷ ಇಪ್ಪತ್ತು ಸಾವಿರ ಜನ ಬರಬೇಕು. ಈ ಮೈದಾನ ಲಕ್ಷ ಜನರನ್ನೂ ಕಂಡಿಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ಅಂಕಿ ಊದಿಕೊಂಡಿದೆ. ಕತೆಯಲ್ಲಿ ಊದಿಕೊಳ್ಳದೆ ಉಳಿದಿರೋದು ಆತ ಆ ಹಣ ಮುಟ್ಟಲಿಲ್ಲ ಅನ್ನೋದು.

ಎಷ್ಟೋ ವರ್ಷದ ಮೇಲೆ ಸಲೀಂ ಹಾಸಿಗೆ ಹಿಡಿದಾಗ ಅವರ ಮಗ ಸೆಲ್ಟಿಕ್‌ಗೆ ಒಂದು ಪತ್ರ ಬರೆದರು, ಅಪ್ಪನ ಚಿಕಿತ್ಸೆಗೆ ಹಣ ಬೇಕು ಅಂತ. ನಿಜವಾಗಿ ಹಣ ಬೇಕಿರಲಿಲ್ಲ. ಅಪ್ಪನ ನೆನಪು ಅಲ್ಲಿ ಇನ್ನೂ ಇದೆಯಾ ಅಂತ ನೋಡೋದಿತ್ತು ಅಷ್ಟೇ. ಉತ್ತರ ಬಂತು, ಜೊತೆಗೆ 100 ಪೌಂಡಿನ ಡ್ರಾಫ್ಟು. ಅದನ್ನು ಅವರು ನಗದು ಮಾಡಿಸಲೇ ಇಲ್ಲ, ಜೋಪಾನವಾಗಿ ಇಟ್ಟುಕೊಂಡರು.

ಹೋದ ತಿಂಗಳು ಪಂದ್ಯವಿದ್ದ ದಿನ ಮತ್ತೆ ಹೋಗಿದ್ದೆ. ಅವತ್ತು ಸ್ಟೇಡಿಯಂ ಹೊರಗೆ ಅಭಿಮಾನಿಗಳ ಗುಂಪೊಂದು ಆಹಾರ ಸಂಗ್ರಹಕ್ಕೆ ನಿಂತಿತ್ತು. ಇದು ಫೌಂಡೇಶನ್ನಿನದಲ್ಲ, ಸ್ಟ್ಯಾಂಡಿನಲ್ಲಿ ಡೋಲು ಬಡಿದು ಕೂಗುವ ಹುಡುಗರದ್ದೇ. ಏನು ತರಬೇಕು ಅನ್ನೋ ಪಟ್ಟಿಯನ್ನು ಮೊದಲೇ ಹಾಕಿದ್ದರು. ನಮ್ಮ ಮನೆಯಲ್ಲಿ ದಾನ ಅಂದ್ರೆ ಅಕ್ಕಿ-ಬೇಳೆ. ಆ ಪಟ್ಟಿಯಲ್ಲಿ ಇದ್ದದ್ದು ಬೇರೆಯೇ. ಓಪನರ್ ಬೇಡದ, ಕೈಯಿಂದ ಎಳೆದು ತೆಗೆಯೋ ಮುಚ್ಚಳದ ಟಿನ್ನು. ಬಿಸಿನೀರು ಹಾಕಿದರೆ ಆಗೋ ನೂಡಲ್ಸು, ಸೂಪಿನ ಪುಡಿ. ಕೆಡದ ಹಾಲು. ಡೈಪರು. ಯಾಕೆ ಹೀಗೆ ಅಂತ ನಿಂತಿದ್ದ ಹುಡುಗನನ್ನು ಕೇಳಿದೆ. ಹತ್ತೊಂಬತ್ತು-ಇಪ್ಪತ್ತರ ಹುಡುಗ, ಮಳೆಗೆ ಮೂಗು ಕೆಂಪಾಗಿತ್ತು.

‘ಕೆಲವರ ಮನೆಯಲ್ಲಿ ಒಲೆ ಹಚ್ಚೋಕೆ ಮೀಟರಿನಲ್ಲಿ ದುಡ್ಡಿರಲ್ಲ, ಕೆಟಲ್ ಮಾತ್ರ ಹಾಕ್ತಾರೆ’ ಅಂದ.

ನನ್ನ ಚೀಲದಲ್ಲಿದ್ದ ಆರು ಟಿನ್ನು, ಒಂದು ಪ್ಯಾಕ್ ಡೈಪರ್ ಅವನಿಗೆ ಕೊಟ್ಟೆ. ವ್ಯಾನಿನೊಳಗೆ ಸೂಪಿನದೇ ಒಂದು ಸಾಲು ಜೋಡಿಸಿದ್ದರು, ಅದರ ಕೊನೆಗೆ ಇಟ್ಟ. ಪಂದ್ಯಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಹಿಂದೆ ಕ್ಯೂ ಬೆಳೀತಾ ಇತ್ತು.